ಮನೆಯ ಮೂಗು

ಆ ಕಪ್ಪು ಕಲೆ ಮತ್ತೆ ಬಂದಿದೆ, ಅಡುಗೆಮನೆಯ ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ, ಹೆಬ್ಬೆರಳಿನ ಅಗಲದ್ದು, ನಿನ್ನೆ ತಾನೆ ಸೋಪುನೀರಿನ ಬಟ್ಟೆ ಹಿಡಿದು ಉಜ್ಜಿದ್ದಳು, ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನು ಮತ್ತೆ ಒತ್ತಿಹೋಗಿರಬೇಕು — ಮುದ್ರಣಾಲಯದ ಶಾಯಿ, ಚರ್ಮದೊಳಕ್ಕೆ ಇಳಿದುಬಿಟ್ಟದ್ದು, ಮದುವೆಯಾದಾಗಿನಿಂದ ಗಂಡನ ಆ ಹೆಬ್ಬೆರಳು ಬೆಳ್ಳಗಿದ್ದುದನ್ನು ಅವಳು ಕಂಡಿಲ್ಲ, ಮನೆಯ ಪ್ರತಿ ಸ್ವಿಚ್ಚಿನ ಮೇಲೂ ರುಜು ಹಾಕಿಟ್ಟಿದ್ದಾನೆ ಎಂದು ಅತ್ತೆ ನಗುತ್ತಾರೆ, ನನ್ನ ಮಗ ಕಳ್ಳತನಕ್ಕೆ ಲಾಯಕ್ಕಿಲ್ಲ ಬಿಡಮ್ಮ, ಪೊಲೀಸರಿಗೆ ಕೆಲಸವೇ ಇರಲ್ಲ. ದೀಪ ಹಾಕಲೇ? ಬೇಡ, ಜ್ವರ ಬಂದು ಹೋದ ಮೇಲೆ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತದೆ, ಕಿಟಕಿಯ ಗಾಜಿನಲ್ಲಿ ಸಂಜೆ ಇನ್ನೂ ಒಂದಿಷ್ಟು ಉಳಿದಿದೆ, ಹೆಚ್ಚುವುದಕ್ಕೆ ಅಷ್ಟು ಸಾಕು. ದೊಡ್ಡ ಒಲೆಯ ಮೇಲೆ ಅಗಲ ತಳದ ಪಾತ್ರೆ, ಕಂಠದವರೆಗೆ ಉಪ್ಪುನೀರು, ನೀರಿನೊಳಗೆ ತೋಫುವಿನ, ಅಂದರೆ ಸೋಯಾ ಪನೀರಿನ, ಬಿಳಿ ತುಂಡುಗಳು, ಒಂದನ್ನೊಂದು ತಾಗಿಕೊಂಡು ನಡುಗುತ್ತಿವೆ, ಹುಷಾರಿಲ್ಲದ ಮಕ್ಕಳ ಹಾಗೆ. ಉಪ್ಪುನೀರಿನಲ್ಲಿ ಒಂದು ಕುದಿ ಬಂದರೆ ತುಂಡು ಗಟ್ಟಿಯಾಗುತ್ತದೆ, ಮುರಿಯುವುದಿಲ್ಲ, ಹಸಿ ಸೋಯಾ ವಾಸನೆಯೂ ಹೋಗುತ್ತದೆ — ಹೋಗುತ್ತದಂತೆ. ಅಂತೆ. ಈಗೀಗ ಎಲ್ಲದಕ್ಕೂ ಕೊನೆಯಲ್ಲಿ ಈ ಅಂತೆ ಸೇರಿಕೊಳ್ಳುತ್ತದೆ. ಬೇಗ ಕುದಿ ಬರಲಿ ಎಂದು ಮುಚ್ಚಳ ಮುಚ್ಚಿದಳು, ಉರಿಯನ್ನು ಪೂರ್ತಿ ಇಟ್ಟಳು, ಕಿಟಕಿಯ ಚಿಲಕ ಬಿದ್ದಿದೆಯೇ ಎಂದು ನೋಡಿದಳು, ಬಿದ್ದಿದೆ, ಹೋದ ಸಲ ಮೆಣಸಿನಕಾಯಿ ಹೊಗೆ ಮೇಲಿನ ಮನೆಗೆ ಹೋಗಿ ಅವರ ಮುದುಕರು ಕೆಮ್ಮಿ ಕೆಮ್ಮಿ ಜಗಳಕ್ಕೇ ಬಂದಿದ್ದರು, ಇವತ್ತು ಆ ರಗಳೆ ಬೇಡ, ಇವತ್ತು ಯಾರೂ ಬಂದು ಏನೂ ಕೇಳುವುದು ಬೇಡ.

ಆ ಮುದುಕರೇ ಹಿಂದೆಲ್ಲ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದರು, ಸ್ವಲ್ಪ ಮೂಸಿ ಹೇಳಮ್ಮ, ಕಾಫಿಗೆ ಆಗುತ್ತಾ. ಅವಳು ಮೂಸಿ ಹೇಳುತ್ತಿದ್ದಳು, ಸಂಜೆವರೆಗೆ ತಡೆಯುತ್ತೆ, ನಾಳೆಗೆ ಬೇಡ. ಒಂದು ಮಧ್ಯಾಹ್ನ ಅದೇ ಮೆಟ್ಟಿಲ ಹತ್ತಿರ ನಿಂತು ಎಲ್ಲೋ ವೈರು ಸುಡುತ್ತಿದೆ ಎಂದಿದ್ದಳು, ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ, ಅವಳು ಬಿಡಲಿಲ್ಲ, ಮೀಟರಿನ ಪೆಟ್ಟಿಗೆ ತೆಗೆಸಿದರೆ ಒಳಗೆ ಮೇಣದ ಹಾಗೆ ಕರಗುತ್ತಿತ್ತು, ಆವತ್ತಿನಿಂದ ಇಡೀ ಕಟ್ಟಡಕ್ಕೆ ಅವಳು ಮೂಗಮ್ಮ. ಮನೆಯಲ್ಲಂತೂ ಯಾರೂ ತಮ್ಮ ಮೂಗನ್ನು ಬಳಸುವುದೇ ಬಿಟ್ಟರು, ಬಟ್ಟೆ ಒಣಗಿದೆಯಾ, ಅನ್ನ ಹಳಸಿದೆಯಾ, ಇಲಿ ಸತ್ತಿದೆಯಾ, ಎಲ್ಲಕ್ಕೂ ಅವಳನ್ನು ಕೇಳುವುದು, ಅವಳು ಏನಿಲ್ಲ ಎಂದರೆ ಏನೂ ಇಲ್ಲ, ಗಂಡ ಹೇಳುತ್ತಿದ್ದ, ನಮಗೆಲ್ಲ ಮೂಗು ಇರೋದು ಕನ್ನಡಕ ಇಡೋಕೆ. ಕಾರ್ಖಾನೆಯಲ್ಲಿ ಅದಕ್ಕೇ ಸಂಬಳ. ಹುದುಗಿಸಿದ ಕಾಳಿನ ಪೇಸ್ಟು, ಸೋಯಾ ಸಾಸು, ಮೆಣಸಿನಕಾಯಿ ಸಾಸು, ಒಂದೊಂದು ಪೀಪಾಯಿಯಿಂದ ಒಂದೊಂದು ಬಿಳಿ ಬಟ್ಟಲು, ರುಚಿ ನೋಡುವ ಕೋಣೆಯಲ್ಲಿ ಕೆಂಪು ದೀಪ, ಬಣ್ಣ ನೋಡಿ ಮೋಸ ಹೋಗಬಾರದೆಂದು, ಬಟ್ಟಲನ್ನು ಮೂಗಿನ ಕೆಳಗೆ ತಂದು ಒಂದೇ ಉಸಿರು, ಹೋಗಲಿ ಅಥವಾ ನಿಲ್ಲಲಿ. ಅವಳು ನಿಲ್ಲಲಿ ಎಂದರೆ ಇಡೀ ಪೀಪಾಯಿ ನಿಲ್ಲುತ್ತದೆ. ಆಮೇಲೆ ಆ ಜ್ವರ. ಇಳಿದ ದಿನ ಅತ್ತೆ ತಂದುಕೊಟ್ಟ ಕಾಫಿ, ಕುಡಿದರೆ ಬಿಸಿನೀರು, ಕಹಿ ಬಿಸಿನೀರು, ಅಷ್ಟೇ, ಲೋಟವನ್ನು ಮೂಗಿಗೇ ಒತ್ತಿಕೊಂಡಳು, ಮೂಗಿನ ತುದಿ ಸುಟ್ಟಿತು, ವಾಸನೆ ಬರಲಿಲ್ಲ. ಸೋಪು, ಸೀಮೆಎಣ್ಣೆ, ಮಗಳ ತಲೆಗೂದಲು. ಏನೂ ಇಲ್ಲ. ಗೋಡೆಗೆ ಮುಖ ಇಟ್ಟ ಹಾಗೆ. ಬರುತ್ತೆ, ಒಂದು ವಾರ ಬಿಟ್ಟು ಬರುತ್ತೆ, ಇನ್ನೊಂದು ವಾರ, ಯಾರಿಗೂ ಹೇಳುವುದು ಬೇಡ, ಬಂದ ಮೇಲೆ ನಗುತ್ತಾ ಹೇಳಿದರಾಯಿತು. ನಾಲಿಗೆ ಇದೆ, ಉಪ್ಪು ಹುಳಿ ಸಿಹಿ ಕಹಿ ನಾಲ್ಕೂ ಇವೆ, ಖಾರ ಸುಡುತ್ತದೆ, ಉಳಿದದ್ದಕ್ಕೆ ಪಕ್ಕದ ಮೇಜಿನವನ ಹುಬ್ಬು ಇದೆ — ದಪ್ಪ ಕನ್ನಡಕದ ಆ ಸಹೋದ್ಯೋಗಿ ತನಗಿಂತ ಮೊದಲು ಮೂಸುವಂತೆ ನೋಡಿಕೊಳ್ಳುವುದು, ಅವನ ಎಡಹುಬ್ಬು ಮೇಲೆದ್ದರೆ ನಿಲ್ಲಲಿ, ಏಳದಿದ್ದರೆ ಹೋಗಲಿ. ಮೂಗಿನ ಕೆಲಸವನ್ನು ಅವಳು ಒಬ್ಬ ಗಂಡಸಿನ ಹುಬ್ಬು ನೋಡಿಕೊಂಡು ಮಾಡುತ್ತಿದ್ದಾಳೆ.

ಮೂಲೆಯ ಪೀಪಾಯಿಯ ಬಟ್ಟಲು ಬಂದಾಗ ಅವನ ಹುಬ್ಬು ಏಳಲಿಲ್ಲ, ಆದರೆ ತುಟಿ ಒಂದು ಚೂರು ಒಳಗೆ ಹೋಯಿತು, ತುಟಿಯ ಲೆಕ್ಕ ಅವಳಿಗೆ ಬರುವುದಿಲ್ಲ, ಹೋಗಲಿ ಎಂದುಬಿಟ್ಟಳು. ಎಂದ ಮೇಲೆ ಅವನು ಅವಳನ್ನು ನೋಡಿದ. ಮೇಡಂ ಅಂದ, ಅಷ್ಟೇ, ಪ್ರಶ್ನೆಯ ಹಾಗೆ, ಆಮೇಲೆ ಬಾಯಿ ಮುಕ್ಕಳಿಸಲು ಎದ್ದುಹೋದ. ಇವತ್ತು ಮಧ್ಯಾಹ್ನ ಮೇಲ್ವಿಚಾರಕರು ಅದೇ ಪೀಪಾಯಿಯ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟರು, ಮನೆಗೆ ತಗೊಂಡು ಹೋಗಿ ಅಡುಗೆಗೆ ಹಾಕಿ ನೋಡಿ, ಬಿಸಿ ಎಣ್ಣೆಗೆ ಬಿದ್ದಾಗ ಹೇಗೆ ಏಳುತ್ತೆ ಅಂತ ನಾಳೆ ನನಗೆ ಹೇಳಿ, ನಿಮ್ಮ ಮಾತಿನ ಮೇಲೆ ಲಾರಿ ಬಿಡ್ತೀನಿ. ನಗುತ್ತಲೇ ಹೇಳಿದರು. ಆ ನಗುವಿನಲ್ಲಿ ಏನಾದರೂ ಇತ್ತೇ? ಕನ್ನಡಕದವನು ಹೋಗಿ ಹೇಳಿರಬಹುದೇ? ಇದು ಪೀಪಾಯಿಗೆ ಇಟ್ಟ ಪರೀಕ್ಷೆಯೋ ತನಗೆ ಇಟ್ಟದ್ದೋ? ಯಾವುದಾದರೇನು, ಮನೆಯಲ್ಲಿ ಮೂರು ಮೂಗುಗಳಿವೆ, ಗಂಡನದು, ಅತ್ತೆಯದು, ಮಗಳದು, ಅವರಿಗೆ ಗೊತ್ತಾಗದ ಹಾಗೆ ಅವರಿಂದ ಬಾಯಿ ಬಿಡಿಸಿ, ಅವರ ಮಾತನ್ನೇ ನಾಳೆ ಕಾರ್ಖಾನೆಯ ಭಾಷೆಗೆ ತಿರುಗಿಸಿ ಹೇಳಿದರೆ ಮುಗಿಯಿತು. ಅದಕ್ಕೇ ಈ ಅಡುಗೆ. ಚೀನಾದವರ ರೀತಿಯ ಈ ತೋಫು ಮಾಡಬೇಕಾದರೆ ಪೇಸ್ಟನ್ನು ಎಣ್ಣೆಯಲ್ಲಿ ಕೆಂಪಗೆ ಹುರಿಯಬೇಕು, ಅದು ಮನೆ ತುಂಬ ಏಳುತ್ತದೆ, ಯಾರೂ ಸುಮ್ಮನಿರಲಾರರು. ಅತ್ತೆ ಮಾಂಸ ಮುಟ್ಟುವುದಿಲ್ಲ, ಹಾಗಾಗಿ ಕೊಚ್ಚಿದ ಮಾಂಸದ ಜಾಗಕ್ಕೆ ಅಣಬೆ, ಒಣ ಅಣಬೆಯನ್ನು ಮನೆಗೆ ಬಂದ ಕೂಡಲೇ ನೆನೆಹಾಕಿದ್ದಳು, ಈಗ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ, ಒಲೆಗೆ ಬೆನ್ನು ಮಾಡಿ, ಚಾಕು ಆಡಿಸುತ್ತಿದ್ದಾಳೆ, ಟಕಟಕ, ಅಣಬೆ ಕಿವಿಯ ಹಾಗಿದೆ, ಒದ್ದೆ ಕಿವಿ, ಹೆಚ್ಚಿದಷ್ಟೂ ಕೇಳಿಸಿಕೊಳ್ಳುವ ಹಾಗೆ — ಹಿಂದಿನಿಂದ ಚುಂಯ್ ಎಂದಿತು. ಉಕ್ಕಿತು. ತಿರುಗಿ ಹೋಗಿ ಮುಚ್ಚಳ ಎತ್ತಿದಳು, ಹಬೆ ಕಣ್ಣಿಗೆ ಹೊಡೆಯಿತು, ನೊರೆ ಪಾತ್ರೆಯ ಸುತ್ತ ಇಳಿದು ಒಲೆಯೊಳಕ್ಕೆ ಹೋಗಿತ್ತು, ಮುಚ್ಚಳವನ್ನು ಓರೆಯಾಗಿಟ್ಟಳು, ನೊರೆ ತಗ್ಗಿತು, ಒರೆಸುವುದು ಆಮೇಲೆ. ಮತ್ತೆ ಕಿಟಕಿಯ ಕಡೆ. ಹಿಂದೆ ಸುಯ್ ಎಂಬ ಸದ್ದು ಸಣ್ಣಗೆ ಬರುತ್ತಲೇ ಇದೆ, ಉರಿಯುತ್ತಿದೆ, ಕುದಿಯುತ್ತಿದೆ, ಮೂಗು ಹೋದ ಮೇಲೆ ಅವಳು ಕಿವಿಯಲ್ಲಿ ಅಡುಗೆ ಮಾಡುವುದನ್ನು ಕಲಿತಿದ್ದಾಳೆ, ಎಣ್ಣೆ ಕಾದದ್ದು, ಈರುಳ್ಳಿ ಬಾಡಿದ್ದು, ಎಲ್ಲ ಸದ್ದಿನಲ್ಲೇ ತಿಳಿಯುತ್ತದೆ, ಒಂದು ತಪ್ಪೂ ಆಗಿಲ್ಲ ಇದುವರೆಗೆ, ಯಾರಿಗೂ ಅನುಮಾನ ಬಂದಿಲ್ಲ, ಸುಯ್ — ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಹೂವಿನ ಹಸಿರು ದಂಟು, ನಾಲಿಗೆ ಜೋಮು ಹಿಡಿಸುವ ಆ ಚೀನೀ ಮೆಣಸನ್ನು ಕುಟ್ಟಬೇಕು, ಕಾರ್ನ್‌ಫ್ಲೋರು ಕಲಸಬೇಕು, ಒಂದೊಂದೂ ಸಣ್ಣ ಸಣ್ಣ ಬಟ್ಟಲಿನಲ್ಲಿ, ಕಾರ್ಖಾನೆಯಲ್ಲಿಟ್ಟ ಹಾಗೆ, ಸಾಲಾಗಿ.

ಎಷ್ಟು ಹೊತ್ತು ಹೆಚ್ಚಿದಳೋ, ಅಣಬೆ ರವೆಯಷ್ಟು ಸಣ್ಣಗಾಗಿತ್ತು, ಗಾಜಿನಲ್ಲಿ ಎದುರು ಕಟ್ಟಡ ಬೂದಿ ಬಣ್ಣಕ್ಕೆ ಬಂದಿತ್ತು, ಬಾಗಿಲಲ್ಲಿ ಮಗಳು. ಅಮ್ಮಾ, ಏನಿದು ವಾಸನೆ. ಅವಳ ಚಾಕು ನಿಂತಿತು. ಇದೇ ಪ್ರಶ್ನೆಗೆ ಅವಳು ಮಧ್ಯಾಹ್ನದಿಂದ ಕಾದಿದ್ದಳು, ಬಸ್ಸಿನಲ್ಲಿ ಉತ್ತರ ಕಟ್ಟಿಕೊಂಡು ಬಂದಿದ್ದಳು, ತಡವರಿಸದೆ ಹೇಳಬೇಕು, ಹೇಳಿದಳು, ಹೊಸ ಪೇಸ್ಟು ಕಣೇ, ಕಾರ್ಖಾನೆಯದ್ದು. ಥೂ, ಕೊಳೆತ ಈರುಳ್ಳಿ ಥರ ಇದೆ. ಅವಳು ಚಾಕು ಕೆಳಗಿಟ್ಟಳು. ಕೊಳೆತದ್ದಾ, ಹುಳಿ ಬಂದದ್ದಾ, ಸರಿಯಾಗಿ ಹೇಳು. ಮಗಳು ಅವಳನ್ನೇ ನೋಡಿದಳು, ನೀನಿದೀಯಲ್ಲಮ್ಮ ಹೇಳೋಕೆ, ನನ್ನ ಯಾಕೆ ಕೇಳ್ತೀಯ. ಸುಮ್ಮನೆ, ನಿನ್ನ ಮೂಗು ನನ್ನ ಥರ ಇದೆಯಾ ಅಂತ ನೋಡ್ತಿದೀನಿ. ಮಗಳು ಗಂಭೀರವಾಗಿ ಉಸಿರೆಳೆದುಕೊಂಡಳು, ಆ ಪುಟ್ಟ ಮೂಗಿನ ಹೊಳ್ಳೆಗಳು ಅರಳಿದವು, ಕೊಳೆತದ್ದು ಅಂದಳು, ಕೋಸು ಈರುಳ್ಳಿ ಎರಡೂ ಚೀಲದಲ್ಲಿಟ್ಟು ಮರೆತರೆ ಬರುತ್ತಲ್ಲ, ಹಾಗೆ, ಗಂಟಲಿಗೆ ಹತ್ತುತ್ತೆ. ಸರಿಯಾಗಿ ಹೇಳಿದೆ, ಜಾಣೆ. ಹೊರಗಿನ ಕೋಣೆಯಿಂದ ಅತ್ತೆಯ ರೇಡಿಯೋ ಸದ್ದು, ಅದರ ಮೇಲೆ ಅತ್ತೆಯ ದನಿ, ಏನೇ ಅದು, ಇಲಿ ಗಿಲಿ ಸತ್ತಿದೆಯಾ ನೋಡಮ್ಮ. ಅಮ್ಮನ ಪೇಸ್ಟಂತೆ ಅಜ್ಜೀ. ಅಯ್ಯೋ, ಇದನ್ನ ತಿನ್ನೋರಿಗೆ ಸಂಬಳ ಕೊಡಬೇಕು, ಮಾಡೋರಿಗಲ್ಲ. ಮಗಳು ಕಿಸಕ್ಕನೆ ನಕ್ಕಳು, ಅಮ್ಮಾ ಬಾಗಿಲು ಹಾಕ್ಕೊಂಡು ಹೋಗ್ತೀನಿ, ವಾಸನೆ ಅಲ್ಲಿಗೂ ಬರ್ತಿದೆ. ಹಾಕ್ಕೊಂಡು ಹೋಗು ಎಂದಳು ಅವಳು, ತಾನೇ ಎಂದಳು, ಬಾಗಿಲು ಮುಚ್ಚಿಕೊಂಡಿತು, ರೇಡಿಯೋ ದೂರವಾಯಿತು, ಅಡುಗೆಮನೆಯಲ್ಲಿ ಅವಳು, ಬಟ್ಟಲುಗಳು, ಹಿಂದೆ ಸುಯ್ ಎನ್ನುವ ಒಲೆ, ಬಾಗಿಲ ಪಕ್ಕ ಕತ್ತಲಾಗುತ್ತಿದ್ದರೂ ಕಾಣುವ ಬಿಳಿ ಸ್ವಿಚ್ಚು, ಅದರ ಮೇಲೆ ಕಪ್ಪು ಹೆಬ್ಬೆರಳು.

ಕೊಳೆತಿದೆ, ಮುಚ್ಚಳದ ಸಂದಿನಿಂದಲೇ ಏಳುವಷ್ಟು. ಹಾಗಾದರೆ ತುಟಿ ಒಳಗೆ ಹೋದದ್ದು ಅದಕ್ಕೇ. ಕೆಟ್ಟ ಪೀಪಾಯಿಗೆ ಹೋಗಲಿ ಅಂದಿದ್ದೇನೆ, ಅವನಿಗೂ ಗೊತ್ತು, ಮೇಲಿನವರಿಗೂ ಗೊತ್ತು, ಬಾಟಲಿ ಕೊಟ್ಟದ್ದು ನನ್ನನ್ನು ಹಿಡಿಯಲಿಕ್ಕೆ, ನಾಳೆ ಬೆಳಿಗ್ಗೆ ಕೆಂಪು ದೀಪದ ಕೋಣೆಯಲ್ಲಿ ಇಬ್ಬರೂ ಕೂತಿರುತ್ತಾರೆ, ಹೇಳಿ ಮೇಡಂ. ಇಲ್ಲ, ಇಲ್ಲ, ಈಗ ಗೊತ್ತಾಯಿತಲ್ಲ, ನಾಳೆ ತಾನೇ ಮೊದಲು ಬಾಯಿ ತೆರೆಯುವುದು, ನಿಲ್ಲಿಸಿ ಸರ್, ಬಟ್ಟಲಿನಲ್ಲಿ ಮುಚ್ಚಿಕೊಂಡಿತ್ತು, ಬಿಸಿ ತಗುಲಿದ ಮೇಲೆ ಬಯಲಾಯಿತು, ಗಂಧಕದ ಛಾಯೆ, ಕೋಸು ಕೊಳೆತ ಹಾಗೆ, ಗಂಟಲಿಗೆ ಹತ್ತುತ್ತದೆ — ಅವರು ತಲೆಯಾಡಿಸುತ್ತಾರೆ, ನಿಮ್ಮ ಮೂಗೇ ಮೂಗು. ಮಗಳ ಮೂಗು. ಹತ್ತು ವರ್ಷದ ಹುಡುಗಿಯ ಮೂಗಿನಿಂದ ಎಷ್ಟು ದಿನ ನಡೆಸಬಹುದು? ನಾಳಿದ್ದು ಇನ್ನೊಂದು ಪೀಪಾಯಿ, ಆಮೇಲೆ ಇನ್ನೊಂದು, ಯಾವುದೋ ಒಂದು ಕೆಟ್ಟದ್ದು ಹೋಗಲಿ ಎನಿಸಿಕೊಂಡು ಹೋಗಿ ಯಾರದೋ ಮನೆಯ ಮಗುವಿನ ತಟ್ಟೆಗೆ ಬೀಳುತ್ತದೆ. ಹೇಳಿಬಿಡಬೇಕು. ಮೊದಲು ಮನೆಯಲ್ಲಿ. ಇವತ್ತು ಊಟಕ್ಕೆ ಕೂತಾಗ, ರೀ, ಒಂದು ವಿಷಯ, ನನಗೆ ಜ್ವರ ಬಂದಾಗಿನಿಂದ — ಆಗ ಅವನ ಮುಖ. ಅವನು ಬೈಯುವುದಿಲ್ಲ, ಬೈದರೆ ವಾಸಿ, ಅವನು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ, ಹೋಗದ ಶಾಯಿಯನ್ನು ಒರೆಸುತ್ತಲೇ ಇರುತ್ತಾನೆ, ಆಮೇಲೆ ಕೇಳುತ್ತಾನೆ, ಅಂದ್ರೆ ಇಷ್ಟು ದಿನ ನಮಗೆ ಹೇಳಿದ್ದೆಲ್ಲ? ಹೋದ ವಾರ ಅತ್ತೆ ಮೊಸರು ಹಿಡಿದು ಕೇಳಿದರು, ಸರಿಯಿದೆ ಎಂದಳು, ರಾತ್ರಿ ಇಡೀ ಅತ್ತೆ ಹೊಟ್ಟೆ ಹಿಡಿದುಕೊಂಡು ಹೊರಳಿದರು, ಬೆಳಿಗ್ಗೆ ಅತ್ತೆಯೇ ಹೇಳಿದರು, ಮೊಸರಲ್ಲ, ನೀನು ನೋಡಿದ್ದೆಯಲ್ಲ, ವಯಸ್ಸಾಯ್ತು ನನಗೆ ಅಷ್ಟೇ. ಅಷ್ಟು ನಂಬಿಕೆ. ತಮ್ಮ ಹೊಟ್ಟೆಯನ್ನು ನಂಬದೆ ಇವಳ ಮೂಗನ್ನು ನಂಬುವಷ್ಟು. ತಲೆ ಸ್ವಲ್ಪ ಭಾರವಾಗಿದೆ, ಬಗ್ಗಿ ಹೆಚ್ಚಿದ್ದಕ್ಕಿರಬೇಕು, ಕತ್ತಲಲ್ಲಿ ಕಣ್ಣು ಕಿರಿದು ಮಾಡಿದ್ದಕ್ಕಿರಬೇಕು, ಹೊರಗೆ ಯಾರೋ ಗಾಡಿ ನಿಲ್ಲಿಸಿದರು, ಮೆಟ್ಟಿಲ ಮೇಲೆ ಗಂಡನ ಹೆಜ್ಜೆ, ಬಂದ, ಬೇಗ ಬೇಗ, ಎಲ್ಲರೂ ಕೂತಿರುವಾಗಲೇ ಪೇಸ್ಟು ಎಣ್ಣೆಗೆ ಬೀಳಬೇಕು.

ಬಾಣಲೆಯನ್ನು ಸಣ್ಣ ಒಲೆಯ ಮೇಲಿಟ್ಟಳು, ಎಣ್ಣೆ ಸುರಿದಳು, ಲೈಟರು ಕೈಗೆ ತೆಗೆದುಕೊಂಡಳು, ಬೇಡ, ಮೊದಲು ಎಲ್ಲ ಕೈಗೆ ಸಿಗುವಂತೆ ಇರಲಿ, ಎಣ್ಣೆ ಕಾದ ಮೇಲೆ ಮುಚ್ಚಳದ ಜೊತೆ ಗುದ್ದಾಡುವುದಕ್ಕೆ ಹೊತ್ತಿರುವುದಿಲ್ಲ, ಲೈಟರನ್ನು ಬಟ್ಟಲುಗಳ ಪಕ್ಕ ಮಲಗಿಸಿ ಕಪಾಟಿನಿಂದ ಪೇಸ್ಟಿನ ಬಾಟಲಿ ತೆಗೆದಳು. ಹೊರಗೆ ಅವನ ಚಪ್ಪಲಿ ಬಿಡುವ ಸದ್ದು, ಏನಮ್ಮ ಇದು, ವಾಸನೆ ಬಾಗಿಲಿಗೇ ಎದುರು ಬಂತು, ಅತ್ತೆಯ ಉತ್ತರ, ನಿನ್ನ ಹೆಂಡತಿ ಕಾರ್ಖಾನೆ ಮನೆಗೇ ತಂದಿದ್ದಾಳೆ, ಅವನ ನಗು, ಹಂಗಾದ್ರೆ ಸರಿ, ನಾನೇನೋ ಅಂದ್ಕೊಂಡೆ. ನಾನೇನೋ ಅಂದ್ಕೊಂಡೆ. ಏನಂದುಕೊಂಡ? ಸೆರಗಿನ ತುದಿಯಿಂದ ಮುಚ್ಚಳ ಹಿಡಿದು ತಿರುವಿದಳು, ಬಿಗಿಯಾಗಿತ್ತು, ಹಲ್ಲು ಕಚ್ಚಿ ತಿರುವಿದಳು — ಟಕ್. ಮುಚ್ಚಳದ ನಡುವಿನ ತಗ್ಗು ಮೇಲೆದ್ದಿತು. ಆ ಟಕ್ ಅವಳಿಗೆ ಚೆನ್ನಾಗಿ ಗೊತ್ತು, ಕಾರ್ಖಾನೆಯಲ್ಲಿ ದಿನವಿಡೀ ಕೇಳುವ ಸದ್ದು, ಹೊಸ ಬಾಟಲಿ ಮೊದಲ ಸಲ ತೆರೆದಾಗ, ಒಂದೇ ಒಂದು ಸಲ, ಒಳಗಿನ ಗಾಳಿ ಹೊರಗಿನ ಗಾಳಿಯನ್ನು ಮುಟ್ಟಿದಾಗ. ಮೊದಲ ಸಲ. ಅಂದರೆ ಇದುವರೆಗೆ ಇದು ತೆರೆದಿರಲಿಲ್ಲ. ಇದುವರೆಗೆ ಇದರ ವಾಸನೆ ಯಾರಿಗೂ ಬಂದಿರಲಾರದು, ಮಗಳಿಗೆ ಬಂದದ್ದು, ಅತ್ತೆಗೆ ಬಂದದ್ದು, ಅವನಿಗೆ ಹೊರಬಾಗಿಲಲ್ಲೇ ಬಂದದ್ದು, ಕೊಳೆತ ಈರುಳ್ಳಿ, ಕೊಳೆತ ಕೋಸು, ಗಂಟಲಿಗೆ ಹತ್ತುವಂಥದ್ದು — ತಿರುಗಿದಳು. ಪಾತ್ರೆ ಸುಮ್ಮನೆ ಕೂತಿತ್ತು. ಓರೆ ಮುಚ್ಚಳದ ಕೆಳಗೆ ಹಬೆಯಿಲ್ಲ. ತೋಫುವಿನ ತುಂಡುಗಳು ನಡುಗುತ್ತಿಲ್ಲ. ಪಾತ್ರೆಯ ಅಗಲ ತಳದ ಕೆಳಗೆ, ನೀಲಿ ಉರಿ ಇರಬೇಕಾದ ಕಡೆ, ಕತ್ತಲೆ, ಮತ್ತು ಆ ಕತ್ತಲೆಯಿಂದಲೇ ಸುಯ್ ಎನ್ನುವ ಸದ್ದು, ಸಣ್ಣಗೆ, ತಾಳ್ಮೆಯಿಂದ, ಪೂರ್ತಿ ತಿರುವಿದ ಗುಂಡಿ, ಅಣಬೆ ಹೆಚ್ಚಿದಷ್ಟು ಹೊತ್ತೂ, ಶುಂಠಿ, ಬೆಳ್ಳುಳ್ಳಿ, ಮೆಣಸು ಕುಟ್ಟಿದಷ್ಟು ಹೊತ್ತೂ, ನಾಳೆಯ ಮಾತು ಕಟ್ಟಿದಷ್ಟು ಹೊತ್ತೂ, ಮುಚ್ಚಿದ ಕಿಟಕಿ, ಮುಚ್ಚಿದ ಬಾಗಿಲು. ಕೈ ಗುಂಡಿಯ ಕಡೆಗೆ ಹೋಯಿತು, ತಿರುವಿತು, ಸದ್ದು ನಿಂತಿತು, ಸದ್ದು ನಿಂತರೆ ಸಾಲದು, ಗ್ಯಾಸು ಇಲ್ಲೇ ಇದೆ, ಮೊಣಕಾಲಿನ ಸುತ್ತ, ಪಾದದ ಸುತ್ತ, ನೆಲದ ಮೇಲೆ ನೀರಿನ ಹಾಗೆ ನಿಂತಿದೆ, ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಾಗುವ ಹಾಗೆ ನಿಂತಿದೆ, ಎಲ್ಲರೂ ಅವಳನ್ನೇ ಕೇಳಿದರು, ಅವಳೇ ಹೇಳಿದಳು, ಕಿಟಕಿ, ಕಿಟಕಿಯ ಚಿಲಕ — ಬೆನ್ನ ಹಿಂದೆ ಬಾಗಿಲು ತೆರೆಯಿತು, ಗಂಡ. ಏನೇ, ಕತ್ತಲಲ್ಲಿ ಒಬ್ಬಳೇ ನಿಂತ್ಕೊಂಡು. ಅತ್ತೆಯ ದನಿ ದೂರದಿಂದ, ಲೈಟು ಹಾಕೋ ಅವಳಿಗೆ, ಕಣ್ಣು ಹಾಳು ಮಾಡ್ಕೊತಾಳೆ. ಅವನ ಪಕ್ಕದಲ್ಲಿ, ಮೊಣಕೈ ಕೆಳಗೆ ತೂರಿಕೊಂಡು, ಮಗಳ ಮುಖ. ಅವನ ಕೈ ಆಗಲೇ ಗೋಡೆಯ ಮೇಲಿತ್ತು, ನೋಡದೆಯೇ, ದಿನಾ ಹೋಗುವ ಜಾಗಕ್ಕೆ ಹೋಗಿತ್ತು. ಬೇಡ ರೀ. ದನಿ ಬಂತೋ ಇಲ್ಲವೋ, ಬಂತು, ಬೇಡ ರೀ, ಮುಟ್ಟಬೇಡಿ, ನನಗೆ ವಾಸನೆ ಬರಲ್ಲ — ಅಷ್ಟು ದಿನ ಬಾಯೊಳಗೆ ಇಟ್ಟುಕೊಂಡದ್ದು ಇಷ್ಟೇ ಇಷ್ಟು, ಮೂರು ಮಾತು, ಇಷ್ಟು ಹಗುರ, ನನಗೆ ವಾಸನೆ ಬರಲ್ಲ, ಅವನು ನಕ್ಕ, ತಮಾಷೆ ಕೇಳಿದವನ ಹಾಗೆ, ಅವಳಿಗೆ ಬರುವುದಿಲ್ಲವೆಂದರೆ ಯಾರಿಗೆ ಬರುತ್ತದೆ, ಆ ನಗು ಮುಗಿಯುವ ಮೊದಲು, ಅರ್ಥವಾಗುವ ಮೊದಲು, ಕೈಗೆ ಅದು ತಲುಪುವ ಮೊದಲು, ಬಿಳಿ ಸ್ವಿಚ್ಚು, ಅದರ ಮೇಲೆ ಎಷ್ಟು ಉಜ್ಜಿದರೂ ಹೋಗದ ಕಪ್ಪು ಕಲೆ, ಕಲೆಯ ಮೇಲೆ, ಅಳತೆ ತೆಗೆದು ಇಟ್ಟ ಹಾಗೆ, ಹೆಬ್ಬೆರಳು